ಕೀಲುಗೊಂಬೆಯ ಕಣ್ಣು

ಬೇಸಗೆಯ ರಜೆಯಲ್ಲಿ ನಮ್ಮ ಮನೆಗೆ ಬಂದ ನನ್ನ ತಮ್ಮನ ಮಗನು, ಬಟ್ಟೆಬರೆಯ ಚೀಲವನ್ನು ಹೊಸ್ತಿಲಲ್ಲಿಯೇ ಎಸೆದು, ಕೈಯಲ್ಲಿದ್ದ ಮಿಠಾಯಿ ಡಬ್ಬಿಯೊಂದನ್ನು ಮಾತ್ರ ಎಳೆಗೂಸನ್ನು ಹೊತ್ತಂತೆ ಹೊತ್ತು ತಂದು ಊಟದ ಮೇಜಿನ ಮೇಲಿಟ್ಟಾಗ, ನಾವೆಲ್ಲರೂ ಧಾರವಾಡದ ಪೇಡೆಯನ್ನೋ ಬೆಳಗಾವಿಯ ಕುಂದಾವನ್ನೋ ನಿರೀಕ್ಷಿಸಿದುದು ಸಹಜವೇ ಆಗಿತ್ತು. ಮುಚ್ಚಳ ತೆರೆದಾಗ ಒಳಗಿನಿಂದ ಎರಡು ಕಣ್ಣುಗಳು ನಮ್ಮನ್ನು ನೋಡಿದವು. ನನ್ನ ಹೆಂಡತಿ ಒಂದು ಹೆಜ್ಜೆ ಹಿಂದೆ ಸರಿದಳು.

ಟೇಬಲ್ ಟೆನಿಸ್ಸಿನ 40 ಮಿಲಿಮೀಟರ್ ಚೆಂಡನ್ನು ಕೊಯ್ದು, ಅದಕ್ಕೆ ಕಂದು ಬಣ್ಣದ ಪಾಪೆಯನ್ನು ಬರೆದು, ಯಾರೋ ರಚಿಸಿ ಲೋಕಕ್ಕೆಲ್ಲ ಪುಕ್ಕಟೆಯಾಗಿ ಬಿಟ್ಟಿದ್ದ ನಕ್ಷೆಯ ಪ್ರಕಾರ ಪ್ಲಾಸ್ಟಿಕ್ಕಿನ ಚೌಕಟ್ಟನ್ನು ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ಹಾಕಿಸಿ, ಒಂದೊಂದೂ 9 ಗ್ರಾಂ ತೂಗುವ ಆರು ಸರ್ವೊ ಮೋಟಾರುಗಳನ್ನು ಜೋಡಿಸಿ ಅವನು ಮಾಡಿದ್ದ ಯಂತ್ರವದು. ಎಡಬಲದ ನೋಟಕ್ಕೊಂದು ಮೋಟಾರು, ಮೇಲುಕೆಳಗಿನ ನೋಟಕ್ಕೊಂದು, ನಾಲ್ಕು ರೆಪ್ಪೆಗಳಿಗೆ ನಾಲ್ಕು. ಎಡಕ್ಕೂ ಬಲಕ್ಕೂ ಅದು ಸೊಗಸಾಗಿ ನೋಡುತ್ತಿತ್ತು. ಮೇಲೆ ನೋಡೆಂದಾಗ ಮಾತ್ರ ಅರ್ಧದಲ್ಲಿ ಸಿಕ್ಕಿಕೊಂಡು, ಒಳಗಿನ ಮೋಟಾರು ನುಸಿಯಂತೆ ಗುಂಯ್‌ಗುಡತೊಡಗುತ್ತಿತ್ತು. ಅವನು ಫೋನಿನಲ್ಲಿ ಮೂಲ ಯಂತ್ರದ ಚಿತ್ರವನ್ನು ಹಿಗ್ಗಿಸಿ, ಕಣ್ಣುಗುಡ್ಡೆಯ ಪಕ್ಕದಲ್ಲಿ ಸಣ್ಣ ಸರಳೊಂದು ಬಂದು ಸೇರುವ ಎಡೆಯನ್ನು ಬೆರಳಿನಿಂದ ತೋರಿಸಿ ಕೇಳಿದನು: “ದೊಡ್ಡಪ್ಪ, ಇಲ್ಲಿರೋ ಈ ಕೀಲಿಗೆ ಏನಂತಾರೆ? ಹೆಸರು ಗೊತ್ತಾದರೆ ಸಾಕು, ಅಂಗಡಿಯಲ್ಲಿ ಕೇಳಿ ತರ್ತೀನಿ. ಈ ಫೋಟೋ ತೋರಿಸಿದ್ದಕ್ಕೆ ಅವರು ಇದನ್ನ ಕೊಟ್ಟರು, ನೋಡೋಕೆ ಹಾಗೇ ಇದೆ, ಆದರೆ ಕೆಲಸ ಮಾಡ್ತಿಲ್ಲ.”

ಹೆಸರು ಸಾಕೆಂಬ ಆ ಮಾತೇ ಈ ಲೇಖನಕ್ಕೆ ಕಾರಣ. ಕೆಲವು ಕಾಲ ಯಂತ್ರಶಾಸ್ತ್ರವನ್ನು ಬೋಧಿಸಿ, ಬಳಿಕ ಅದನ್ನು ಮರೆಯುವ ಸುಖವನ್ನೂ ಅನುಭವಿಸಿದವನಾದ ನಾನು ಹೆಸರನ್ನು ಆ ಕ್ಷಣವೇ ಹೇಳಿಬಿಡಬಹುದಾಗಿತ್ತು. ಹೇಳಿದ್ದರೆ ಅವನು ಅದನ್ನು ಕೊಂಡು ತಂದು, ಸಿಕ್ಕಿಸಿ, ಯಂತ್ರ ನಡೆದೊಡನೆ ಆ ಕೀಲನ್ನು ಮರೆತು ಮುಂದಿನ ನಕ್ಷೆಗೆ ಹೋಗುತ್ತಿದ್ದನು. ನಾನು ಹೇಳಲಿಲ್ಲ. ಕೀಲನ್ನು ಅದರ ಆಕೃತಿಯಿಂದಲ್ಲ, ಅದು ಯಾವ ಚಲನೆಗೆ ಎಡೆಗೊಡುತ್ತದೆ, ಯಾವುದನ್ನು ನಿಷೇಧಿಸುತ್ತದೆ ಎಂಬುದರಿಂದ ಗುರುತಿಸತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ; ಮತ್ತು ಮುದ್ರಿಸಿಕೊಳ್ಳಲು ಸಿದ್ಧವಾದ ನಕ್ಷೆಗಳು ಕೈಗೆ ಎಟುಕುವಷ್ಟು ಸುಲಭವಾಗಿರುವ ಈ ಕಾಲದಲ್ಲಿ ಈ ಗುರುತಿಸುವಿಕೆಯೇ ನಮ್ಮ ವಿದ್ಯಾರ್ಥಿಗಳ ಕೈಯಿಂದ ಜಾರಿಹೋಗುತ್ತಿದೆಯೆಂಬುದು ನನ್ನ ದೂರು.

ನಿರಾಧಾರವಾಗಿ ಆಕಾಶದಲ್ಲಿ ತೇಲುವ ಒಂದು ವಸ್ತುವಿಗೆ ಆರು ಬಗೆಯ ಸ್ವಾತಂತ್ರ್ಯಗಳುಂಟು: ಮೂರು ದಿಕ್ಕುಗಳಲ್ಲಿ ಸರಿಯುವುದು, ಮೂರು ಅಕ್ಷಗಳ ಸುತ್ತ ತಿರುಗುವುದು. ಕೀಲೆಂಬುದು ಈ ಆರರಲ್ಲಿ ಕೆಲವನ್ನು ಕಸಿದುಕೊಳ್ಳುವ ಒಂದು ಕಟ್ಟುಪಾಡು. ಬಾಗಿಲಿನ ಬಿಜಾಗರಿ ಐದನ್ನು ಕಸಿದು ಒಂದನ್ನು ಉಳಿಸುತ್ತದೆ. ಮೇಜಿನ ಅರೆಯೂ ಐದನ್ನು ಕಸಿಯುತ್ತದೆ, ಆದರೆ ಉಳಿಸುವುದು ತಿರುಗುವುದನ್ನಲ್ಲ, ಜಾರುವುದನ್ನು. ಜರ್ಮನಿಯ ಫ್ರಾಂಟ್ಸ್ ರೂಲೋ ಎಂಬ ಪಂಡಿತನು 1875ರಲ್ಲಿ ಪ್ರಕಟಿಸಿದ ತನ್ನ ಉದ್ಗ್ರಂಥದಲ್ಲಿ ಯಂತ್ರಗಳನ್ನೆಲ್ಲ ಇಂಥ ಜೋಡಿಗಳ ಸರಪಳಿಯಾಗಿ ಕಂಡನು. ಮೇಲ್ಮೈಗೆ ಮೇಲ್ಮೈ ಪೂರ್ಣವಾಗಿ ತಾಗಿ ನಡೆಯುವ ಜೋಡಿಗಳು ಎಷ್ಟೆಂದು ಹುಡುಕಿದರೆ ಸಿಗುವುದು ಆರೇ ಆರು: ತಿರುಗುವುದು, ಜಾರುವುದು, ತಿರುಪಿನಂತೆ ತಿರುಗುತ್ತಲೇ ಸಾಗುವುದು, ಕೊಳವೆಯೊಳಗಿನ ಸಲಾಕೆಯಂತೆ ತಿರುಗಿಯೂ ಜಾರಿಯೂ ನಡೆಯುವುದು, ಗೋಲವು ಗುಣಿಯಲ್ಲಿ ಹೊರಳುವುದು, ಹಲಗೆಯ ಮೇಲೆ ಹಲಗೆ ಹರಿದಾಡುವುದು. ಜಗತ್ತಿನ ಯಂತ್ರಶಾಲೆಗಳಲ್ಲಿರುವ ಸಹಸ್ರಾರು ಕೀಲುಗಳಲ್ಲಿ ಬಹುಪಾಲು ಈ ಆರರ ವೇಷಾಂತರಗಳು. ರೂಲೋ ತನ್ನ ಮಾತನ್ನು ಕೈಯಿಂದ ಮುಟ್ಟಿ ತಿಳಿಯಲೆಂದು ನೂರಾರು ಲೋಹದ ಮಾದರಿಗಳನ್ನು ಮಾಡಿಸಿದನು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯವು 1882ರಲ್ಲಿ ಕೊಂಡ ಮಾದರಿಗಳಲ್ಲಿ ಇನ್ನೂರಕ್ಕಿಂತ ಹೆಚ್ಚು ಇಂದಿಗೂ ಅಲ್ಲಿವೆ. ಒಂದು ವಿಶ್ವವಿದ್ಯಾನಿಲಯವು ಕೀಲುಗಳ ಬೊಂಬೆಗಳನ್ನು ಹಡಗಿನಲ್ಲಿ ತರಿಸಿಕೊಂಡಿತೆಂದರೆ, ಪುಸ್ತಕದ ಚಿತ್ರ ಸಾಲದೆಂದು ಅಂದಿನವರಿಗೆ ತಿಳಿದಿತ್ತೆಂದೇ ಅರ್ಥ.

ಇನ್ನು ಕಣ್ಣಿಗೆ ಬರೋಣ. ಮನುಷ್ಯನ ಕಣ್ಣುಗುಡ್ಡೆ ಸುಮಾರು 24 ಮಿಲಿಮೀಟರ್ ವ್ಯಾಸದ ಒಂದು ಗೋಲ. ಅದು ಎಲುಬಿನ ಗೂಡಿನಲ್ಲಿದ್ದರೂ ಎಲುಬಿಗೆ ತಾಗದೆ ಮೇದಸ್ಸಿನ ಮೆತ್ತೆಯಲ್ಲಿ ತೇಲಿಕೊಂಡಿರುತ್ತದೆ. ಅದನ್ನು ಎಳೆಯುವ ಸ್ನಾಯುಗಳು ಆರು, ನಾಲ್ಕು ನೇರ, ಎರಡು ಓರೆ. ಓರೆ ಸ್ನಾಯುಗಳಲ್ಲಿ ಮೇಲಿನದು ನೇರವಾಗಿ ಕಣ್ಣಿಗೆ ಬರದೆ, ಗೂಡಿನ ಮೂಲೆಯಲ್ಲಿರುವ ಮೃದ್ವಸ್ಥಿಯ ಕುಣಿಕೆಯೊಂದರಲ್ಲಿ ತೂರಿ, ಅಲ್ಲಿ ದಿಕ್ಕು ಬದಲಿಸಿ ಬರುತ್ತದೆ. ಬಾವಿಯ ಹಗ್ಗವು ರಾಟೆಯ ಮೇಲೆ ಹಾದು ತಿರುಗುವಂತೆ ಎಂದರೆ ಉತ್ಪ್ರೇಕ್ಷೆಯಲ್ಲ, ಏಕೆಂದರೆ ಅಂಗರಚನಾಶಾಸ್ತ್ರಜ್ಞರು ಆ ಕುಣಿಕೆಗೆ ಕೊಟ್ಟ ಟ್ರೋಕ್ಲಿಯ ಎಂಬ ಹೆಸರಿಗೆ ಲ್ಯಾಟಿನ್ನಿನಲ್ಲಿ ರಾಟೆಯೆಂದೇ ಅರ್ಥ. ಈ ಸ್ನಾಯುಗಳೆಲ್ಲ ಸೇರಿ ಕಣ್ಣಿಗೆ ಮೂರು ಬಗೆಯ ತಿರುಗುವಿಕೆಯನ್ನು ಕೊಡಬಲ್ಲವು: ಎಡಬಲ, ಮೇಲುಕೆಳಗು, ಮತ್ತು ನೋಟದ ರೇಖೆಯನ್ನೇ ಅಕ್ಷವಾಗಿಟ್ಟುಕೊಂಡ ತಿರುಚುವಿಕೆ. ಮೂರನೆಯದನ್ನು ಕಣ್ಣು ಬಹು ಮಿತವಾಗಿ ಬಳಸುತ್ತದೆ. ಗೊಂಬೆಯ ಕಣ್ಣಿನಲ್ಲಿ ಅದು ಬಂದರೆ, ಪಾಪೆ ದುಂಡಾಗಿರುವುದರಿಂದ ನೋಡುವವನಿಗೆ ಏನೂ ತಿಳಿಯುವುದಿಲ್ಲ. ಆದರೆ ಸರಳುಗಳು ಸೇರಿದ ಬಿಂದುಗಳು ಸ್ಥಾನ ತಪ್ಪಿ, ಎಡಕ್ಕೆ ನೋಡೆಂದರೆ ಕಣ್ಣು ಮೇಲಕ್ಕೆ ಓರೆಯಾಗಿ ನೋಡುತ್ತದೆ. ಆದುದರಿಂದ ಗೊಂಬೆಗಾರನಿಗೆ ಬೇಕಾದುದು ಎರಡನ್ನು ಕೊಟ್ಟು ಮೂರನೆಯದನ್ನು ನಿರಾಕರಿಸುವ ಕೀಲು.

ಇಂಥ ಕೀಲಿಗೆ ಮೊದಲ ಉತ್ತರ, ಲಾರಿ ಗ್ಯಾರೇಜಿನವರು ‘ಕ್ರಾಸ್’ ಎಂದು ಕರೆಯುವ ಯೂನಿವರ್ಸಲ್ ಜಾಯಿಂಟು. ಎರಡು ಕವೆಗಳ ನಡುವೆ ಕೂಡುಗುರುತಿನಾಕಾರದ ಒಂದು ತುಂಡು. ಆ ತುಂಡಿನ ಒಂದು ಅಡ್ಡ ಒಂದು ಕವೆಗೆ, ಇನ್ನೊಂದು ಅಡ್ಡ ಇನ್ನೊಂದು ಕವೆಗೆ. ಇಟಲಿಯ ಕಾರ್ಡಾನೊನ ಹೆಸರನ್ನೂ ಇಂಗ್ಲೆಂಡಿನ ರಾಬರ್ಟ್ ಹುಕ್ಕನ ಹೆಸರನ್ನೂ ಇದು ಹೊತ್ತಿದೆ. ಹುಕ್ಕನು 1676ರಲ್ಲಿ ಸೂರ್ಯವೀಕ್ಷಣೆಯ ಉಪಕರಣಗಳ ವಿಷಯವಾಗಿ ಬರೆಯುತ್ತ ಇದನ್ನು ವರ್ಣಿಸಿದನು. ಇಲ್ಲಿ ಒಂದು ಸ್ವಾರಸ್ಯವಿದೆ, ಅದನ್ನು ಹುಡುಗನಿಗೆ ತೋರಿಸಲು ನಾನು ಅವನನ್ನು ಬೀದಿಯಲ್ಲಿ ನಿಂತಿದ್ದ ಟೆಂಪೋವೊಂದರ ಅಡಿಗೆ ಬಗ್ಗಿ ನೋಡಿಸಿದೆನು. ಲಾರಿಯ ಕ್ರಾಸಿನ ಧರ್ಮ ತಿರುಗುವಿಕೆಯನ್ನು ಮುಂದಕ್ಕೆ ಸಾಗಿಸುವುದು: ದಂಡವು ವಾಲಿದರೂ ತಿರುಗು ನಿಲ್ಲಬಾರದು. ಗೊಂಬೆಯ ಕಣ್ಣಿನೊಳಗೆ ಅದೇ ಕ್ರಾಸು ಕುಳಿತಾಗ ಅದರ ಧರ್ಮ ತದ್ವಿರುದ್ಧ: ಒಂದು ತುದಿಯನ್ನು ತಲೆಬುರುಡೆಗೆ ಬಿಗಿದುಬಿಟ್ಟಿರುವುದರಿಂದ ತಿರುಗುವಿಕೆಯೇ ಅಲ್ಲಿ ನಿಷಿದ್ಧ, ವಾಲುವುದಷ್ಟೇ ವಿಹಿತ. ವಾಲಿದ ಕ್ರಾಸು ತಿರುಗನ್ನು ಸಮವೇಗದಲ್ಲಿ ದಾಟಿಸಲಾರದೆಂಬ ಪ್ರಸಿದ್ಧವಾದ ದೋಷವು ಲಾರಿಗೆ ತಲೆನೋವಾದರೂ ಕಣ್ಣಿಗೆ ಸಂಬಂಧವೇ ಇಲ್ಲ. ಒಂದೇ ವಸ್ತು, ಒಂದೇ ಹೆಸರು, ಎರಡು ವಿರುದ್ಧ ಉದ್ಯೋಗಗಳು. ಬರಿಯ ಹೆಸರನ್ನು ಕಲಿತವನಿಗೆ ಈ ವಿವೇಕ ಎಲ್ಲಿಂದ ಬರಬೇಕು?

ಎರಡನೆಯ ಉತ್ತರ ಚೆಂಡು ಮತ್ತು ಗುಣಿಯ ಕೀಲು. ನಮ್ಮ ಭುಜದಲ್ಲಿಯೂ ತೊಡೆಸಂದಿಯಲ್ಲಿಯೂ ಇರುವುದು ಇದೇ. ಇದು ಮೂರು ತಿರುಗುವಿಕೆಗಳನ್ನೂ ಕೊಟ್ಟುಬಿಡುವ ಉದಾರಿ. ಆದುದರಿಂದ ಚೆಂಡಿನಲ್ಲಿ ಒಂದು ಮೊಳೆಯನ್ನು ನೆಟ್ಟು, ಗುಣಿಯಲ್ಲಿ ಒಂದು ಸೀಳನ್ನು ಕೊರೆದು, ಮೊಳೆ ಆ ಸೀಳಿನಲ್ಲಿಯೇ ಓಡಾಡುವಂತೆ ಮಾಡಿ ತಿರುಚುವಿಕೆಯನ್ನು ತಡೆಯಬೇಕಾಗುತ್ತದೆ. ಚಿತ್ರದಲ್ಲಿ ಆ ಮೊಳೆ ಕಾಣದೆ ಹೋದರೆ, ನೋಡಿ ಮಾಡಿದವನ ಕಣ್ಣು ಕುಡಿದವನ ಕಣ್ಣಾಗುತ್ತದೆ. ಮೂರನೆಯದು ಬಳೆಯೊಳಗೆ ಬಳೆಯನ್ನು ತೂಗಿಬಿಟ್ಟ ಗಿಂಬಲ್. ಅದರಲ್ಲಿ ಹೊರಗಿನ ಬಳೆ ಯಾವ ಅಕ್ಷದ್ದೆಂಬುದನ್ನು ನೋಡಿಕೊಂಡರೆ ಉಳಿದುದು ಸುಲಭ.

ಇವೆಲ್ಲ ಕಣ್ಣಿನ ನಡುವಿನ ಕೀಲುಗಳು; ಹುಡುಗನ ಕಣ್ಣು ಮೇಲೆ ನೋಡಲೊಲ್ಲದೆ ಹೋದುದಕ್ಕೆ ಕಾರಣ ಪಕ್ಕದ ಸರಳಿನ ಕೀಲು. ಅಂಗಡಿಯವರು ಅವನಿಗೆ ಕೊಟ್ಟಿದ್ದುದು ಕ್ಲೆವಿಸ್: ಸಣ್ಣ ಕವೆ, ಅದರಲ್ಲಿ ಅಡ್ಡಲಾಗಿ ಒಂದು ಪಿನ್ನು. ಚಿತ್ರದಲ್ಲಿದ್ದುದು ಬಾಲ್ ಲಿಂಕ್, ಎಂದರೆ ಬಟಾಣಿಗಿಂತ ಚಿಕ್ಕದಾದ ಲೋಹದ ಗುಂಡಿನ ಮೇಲೆ ಚಟ್ಟೆಂದು ಕೂರುವ ಪ್ಲಾಸ್ಟಿಕ್ಕಿನ ಬಟ್ಟಲು, ಆಟಿಕೆಯ ವಿಮಾನ ಹಾರಿಸುವವರೆಲ್ಲರಿಗೂ ಪರಿಚಿತವಾದುದು. ಪಕ್ಕದಿಂದ ತೆಗೆದ ಫೋಟೋದಲ್ಲಿ ಎರಡೂ ಒಂದೇ: ಸರಳಿನ ತುದಿ ಏನನ್ನೋ ಕಚ್ಚಿಕೊಂಡಿದೆ, ಅಷ್ಟೇ. ನಡತೆಯಲ್ಲಾದರೋ ಅಜಗಜಾಂತರ. ಕಣ್ಣು ಎಡಬಲಕ್ಕೆ ಆಡುವವರೆಗೆ ಕ್ಲೆವಿಸ್ಸಿನ ಪಿನ್ನು ನೆಟ್ಟಗೆ ನಿಂತು ಬಾಗಿಲಿನ ಬಿಜಾಗರಿಯಂತೆ ವಿಧೇಯವಾಗಿರುತ್ತದೆ. ಕಣ್ಣು ಮೇಲೆ ನೋಡಹೊರಟೊಡನೆ ಪಿನ್ನೂ ಕಣ್ಣಿನ ಜೊತೆಗೆ ಓರೆಯಾಗುತ್ತದೆ. ಓರೆಯಾದ ಪಿನ್ನು ಸರಳನ್ನು ನೀನೂ ಓರೆಯಾಗೆಂದು ಒತ್ತುತ್ತದೆ. ಸರಳಿನ ಇನ್ನೊಂದು ತುದಿಯಾದರೋ ಮೋಟಾರಿನ ತೋಳಿಗೆ ಕಟ್ಟುಬಿದ್ದಿದೆ, ಏಳಲಾರದು. ಇಬ್ಬರ ಜಗಳದಲ್ಲಿ ಕಣ್ಣು ನಿಲ್ಲುತ್ತದೆ, ಮೋಟಾರು ಬಿಸಿಯಾಗುತ್ತದೆ. ಬಾಲ್ ಲಿಂಕು ಇದ್ದಲ್ಲಿ ಬಟ್ಟಲು ಗುಂಡಿನ ಮೇಲೆ ಸುಮ್ಮನೆ ಹೊರಳಿಕೊಳ್ಳುತ್ತಿತ್ತು. ಎರಡು ತುದಿಗಳಲ್ಲಿಯೂ ಗುಂಡುಗಳಿರುವ ಸರಳನ್ನು ಬೆರಳಿನಿಂದ ತೀಡಿದರೆ ಅದು ತನ್ನಷ್ಟಕ್ಕೆ ತಾನು ಗಿರಗಿರನೆ ತಿರುಗುತ್ತದೆ, ಕಣ್ಣು ಮಾತ್ರ ಕದಲುವುದಿಲ್ಲ. ಯಾರಿಗೂ ಬೇಡವಾದ, ಯಾರಿಗೂ ಕೇಡಲ್ಲದ ಈ ವ್ಯರ್ಥ ಸ್ವಾತಂತ್ರ್ಯವನ್ನು ಕಂಡರೆ ನನಗೆ ನಿವೃತ್ತರಾದ ನಮ್ಮಂಥವರ ನೆನಪಾಗುತ್ತದೆ. ಅದೇನೇ ಇರಲಿ, ಬಾಲ್ ಲಿಂಕನ್ನು ಗುರುತಿಸಲು ಇದಕ್ಕಿಂತ ಸುಲಭವಾದ ಲಕ್ಷಣವಿಲ್ಲ: ಸರಳನ್ನು ತೀಡಿ ನೋಡಿ.

ಕೀಲಿನ ಜಾತಿ ಸರಿಯಾಗಿದ್ದರೆ ಸಾಲದು, ಅದರಲ್ಲಿ ಸಡಿಲವೂ ಇರಬಾರದು. ಸರಳು ಕಣ್ಣನ್ನು ಸೇರುವ ಬಿಂದು ನಡುವಿನಿಂದ 8 ಮಿಲಿಮೀಟರ್ ದೂರದಲ್ಲಿದೆಯೆನ್ನೋಣ. ಅಲ್ಲಿಯ ರಂಧ್ರದಲ್ಲಿ ಒಂದು ಮಿಲಿಮೀಟರಿನ ಐದನೆಯ ಒಂದು ಪಾಲಿನಷ್ಟು ಸಡಿಲವಿದ್ದರೆ ಕಣ್ಣು ಸುಮಾರು ಒಂದೂವರೆ ಡಿಗ್ರಿ ಅತ್ತಿತ್ತ ಅಲುಗಾಡುತ್ತದೆ. ಒಂದೂವರೆ ಡಿಗ್ರಿ ಏನು ಮಹಾ ಎನ್ನುವವರು ಗಣಿತವನ್ನು ಮುಂದುವರಿಸಲಿ: ಎರಡು ಮೀಟರ್ ದೂರದಲ್ಲಿ ನಿಂತವನ ಮುಖದ ಮೇಲೆ ಅದು 5 ಸೆಂಟಿಮೀಟರ್. ಎಂದರೆ ನಿಮ್ಮ ಬಲಗಣ್ಣನ್ನು ದಿಟ್ಟಿಸುತ್ತಿದ್ದ ಗೊಂಬೆ, ಮೋಟಾರು ಕದಲದಿದ್ದರೂ, ಹತ್ತಿರಹತ್ತಿರ ಎಡಗಣ್ಣಿಗೆ ಜಾರಿಬಿಡುತ್ತದೆ. ಯಂತ್ರದ ಬೇರೆ ಅಂಗಗಳಲ್ಲಿ ಇಷ್ಟು ಸಡಿಲವನ್ನು ನಾವು ಗಮನಿಸುವುದೂ ಇಲ್ಲ. ಆದರೆ ಎದುರಿಗಿರುವವನು ನಮ್ಮನ್ನು ನೋಡುತ್ತಿದ್ದಾನೋ ಇಲ್ಲವೋ ಎಂಬುದನ್ನು ಅಳೆಯುವುದರಲ್ಲಿ ಹಸುಳೆಯಿಂದ ಮುದುಕನವರೆಗೆ ಎಲ್ಲರೂ ನಿಷ್ಣಾತರು. ಸರ್ವೊ ಮೋಟಾರಿನ ತೋಳಿಗೆ ತಂತಿಯನ್ನು ಝಡ್ ಆಕಾರದಲ್ಲಿ ಬಗ್ಗಿಸಿ ತೂರಿಸುವ ರೂಢಿಯುಂಟಷ್ಟೆ, ಅದು ಅಗ್ಗದ, ಜಾಣತನದ ಕೀಲೇ; ಆದರೆ ತೂತು ಸವೆದಂತೆಲ್ಲ ಗೊಂಬೆಯ ದೃಷ್ಟಿ ಚಂಚಲವಾಗುತ್ತ ಹೋಗುತ್ತದೆ.

ರೆಪ್ಪೆಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಅವು ಬರಿಯ ಬಿಜಾಗರಿಗಳು. ಆದರೆ ಅವುಗಳ ಅಚ್ಚು ಕಣ್ಣುಗುಡ್ಡೆಯ ಕೇಂದ್ರದಲ್ಲಿಯೇ ಹಾಯಬೇಕು, ಕೂದಲೆಳೆಯಷ್ಟು ತಪ್ಪಿದರೂ ರೆಪ್ಪೆ ಒಂದೆಡೆ ಗುಡ್ಡೆಯನ್ನು ಕೆರೆದು ಇನ್ನೊಂದೆಡೆ ಬಾಯ್ಬಿಡುತ್ತದೆ. ಕೆಲವರು ಬಿಜಾಗರಿಯನ್ನೇ ಬಿಟ್ಟು, ಎಣ್ಣೆ ಡಬ್ಬಿಯ ಮುಚ್ಚಳದಲ್ಲಿರುವಂತೆ ತೆಳು ಪ್ಲಾಸ್ಟಿಕ್ಕು ತಾನೇ ಬಳುಕುವ ಉಪಾಯವನ್ನು ಹಿಡಿಯುತ್ತಾರೆ.

ಈ ವಿದ್ಯೆ ನಿನ್ನೆಯದಲ್ಲ. ಸ್ವಿಟ್ಸರ್ಲೆಂಡಿನ ಗಡಿಯಾರಗಾರ ಪಿಯೆರ್ ಜಾಕೆ-ದ್ರೋ 1774ರಲ್ಲಿ ಲೋಕಕ್ಕೆ ತೋರಿಸಿದ ‘ಬರಹಗಾರ’ನೆಂಬ ಬಾಲಕನ ಗೊಂಬೆ, ಸುಮಾರು 6,000 ಬಿಡಿಭಾಗಗಳ ಪವಾಡ, ನ್ಯೂಶಾಟೆಲ್ ನಗರದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಗರಿಯನ್ನು ಮಸಿಯಲ್ಲದ್ದಿ ಬರೆಯುತ್ತದೆ, ಬರೆಯುವಾಗ ಅದರ ಕಣ್ಣು ಲೇಖನಿಯನ್ನು ಹಿಂಬಾಲಿಸುತ್ತದೆ. ಕೈ ಬರೆಯುವುದನ್ನು ನೋಡಿದವರು ಯಂತ್ರವೆನ್ನುತ್ತಾರೆ, ಕಣ್ಣು ಹಿಂಬಾಲಿಸುವುದನ್ನು ನೋಡಿದವರು ಹುಡುಗನೆನ್ನುತ್ತಾರೆ. ವಾಲ್ಟ್ ಡಿಸ್ನಿಯ ಕುಶಲಿಗಳು 1964ರ ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಅಬ್ರಹಾಂ ಲಿಂಕನ್ನನನ್ನು ಕುರ್ಚಿಯಿಂದೆಬ್ಬಿಸಿ ಭಾಷಣ ಮಾಡಿಸಿದರು. 1980ರಲ್ಲಿ ಬೆಳ್ಳಿತೆರೆಗೆ ಬಂದ ಯೋಡನೆಂಬ ಮುದಿಗುರುವಿನ ಕಣ್ಣಿನ ಸುತ್ತಲಿನ ಸುಕ್ಕುಗಳಿಗೆ ಸ್ಟುವರ್ಟ್ ಫ್ರೀಬಾರ್ನ್ ಎಂಬ ಶಿಲ್ಪಿ ಐನ್‌ಸ್ಟೈನನ ಮುಖವನ್ನು ಮಾದರಿಯಾಗಿಟ್ಟುಕೊಂಡನು.

ನಮ್ಮವರಾದರೋ ಈ ಯಂತ್ರ ಮಾಡಬೇಕಾದ ಕೆಲಸದ ಪಟ್ಟಿಯನ್ನು ಬಹು ಹಿಂದೆಯೇ ಬರೆದಿಟ್ಟಿದ್ದಾರೆ. ಭರತನ ನಾಟ್ಯಶಾಸ್ತ್ರದ ಎಂಟನೆಯ ಅಧ್ಯಾಯದಲ್ಲಿ 36 ದೃಷ್ಟಿಗಳನ್ನಲ್ಲದೆ, ಕಣ್ಣುಗುಡ್ಡೆಯ 9 ಕರ್ಮಗಳನ್ನೂ, ರೆಪ್ಪೆಯ 9ನ್ನೂ, ಹುಬ್ಬಿನ 7ನ್ನೂ ಬೇರೆಬೇರೆಯಾಗಿ ಹೆಸರಿಸಿದೆ. ಭ್ರಮಣ, ವಲನ, ಪಾತ, ಚಲನ ಎಂಬಿವನ್ನು ನಮ್ಮ ಹುಡುಗನ ಯಂತ್ರ ಮಾಡಬಲ್ಲುದು. ಸಂಪ್ರವೇಶನ, ನಿಷ್ಕ್ರಾಮ, ಎಂದರೆ ಗುಡ್ಡೆ ಒಳಗೆ ಸೇದಿಕೊಳ್ಳುವುದು, ಹೊರಗೆ ಹೊಮ್ಮುವುದು, ಇವೆರಡನ್ನು ಮಾತ್ರ ಅದು ಮಾಡಲಾರದು, ಏಕೆಂದರೆ ನಡುಬಿಂದುವನ್ನು ನಿಲ್ಲಿಸಿಬಿಟ್ಟ ಯಾವ ಕೀಲಿಗೂ ಅದು ಸಾಧ್ಯವಿಲ್ಲ. ಅದಕ್ಕೆ ಇಡೀ ಕೀಲನ್ನು ಹೊತ್ತು ಮುಂದೆ ಹಿಂದೆ ಸಾಗುವ ಜಾರುಕೀಲೊಂದು ಬೇಕು. ಹುಡುಗನಿಗೆ ಇದನ್ನು ಹೇಳಿದಾಗ ಅವನು ಕಾಗದವನ್ನೆಳೆದುಕೊಂಡು ಜಾರುಕೀಲನ್ನು ಎಲ್ಲಿಡಬಹುದೆಂದು ಗೀಚತೊಡಗಿದನು. ಅಂಗಡಿಗೆ ಹೋಗುವುದನ್ನು ಆ ದಿನ ಮರೆತನು.

ಕನ್ನಡದಲ್ಲಿ ಇದನ್ನೆಲ್ಲ ಹೇಳಲು ಪದಗಳಿಲ್ಲವೆಂಬ ಮಾತು ಸೋಮಾರಿಗಳದು. ಕೀಲುಗೊಂಬೆಯೆಂಬ ಮಾತೇ ನಮ್ಮಲ್ಲಿದೆ. ಶಾಲೆಯ ಶರೀರಪಾಠದಲ್ಲಿ ನಮ್ಮ ಮಕ್ಕಳು ಬಿಜಾಗರಿ ಕೀಲು, ತಿರುಗಣೆ ಕೀಲು, ಜಾರು ಕೀಲು, ಚೆಂಡು ಮತ್ತು ಗುಣಿ ಕೀಲು ಎಂದು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ಮೊಣಕಾಲಿನದು ಯಾವುದೆಂದು ಬರೆದು ಅಂಕ ಗಳಿಸುತ್ತಾರೆ. ಅದೇ ಮಗು ಮುಂದೆ ಡಿಪ್ಲೊಮಾ ತರಗತಿಗೆ ಬಂದಾಗ, ಮೊಣಕಾಲಿನ ಕೀಲೂ ಮೆಷಿನ್ನಿನ ಕೀಲೂ ಬಂಧುಗಳೆಂದು ಹೇಳುವವರಿಲ್ಲದೆ, ಹೊಸ ಭಾಷೆಯ ಹೊಸ ಹೆಸರುಗಳನ್ನು ಹೊಸದಾಗಿ ಉರುಹೊಡೆಯುತ್ತದೆ. ಕ್ಲೆವಿಸ್ಸನ್ನು ಕ್ಲೆವಿಸ್ಸೆಂದೇ ಕರೆಯೋಣ, ಅದರಲ್ಲಿ ನನಗೆ ಮಡಿಯಿಲ್ಲ. ಅದು ಬಿಜಾಗರಿಯ ಕುಲದ್ದು, ಬಾಲ್ ಲಿಂಕು ಭುಜದ ಕುಲದ್ದು ಎಂಬುದನ್ನು ಮಾತ್ರ ತಿಳಿಯಬೇಕು.

ನಕ್ಷೆಯೇ ಎಲ್ಲವನ್ನೂ ಹೇಳುವಾಗ ಈ ಪರಿಶ್ರಮವೇಕೆಂದು ಕೇಳುವವರಿದ್ದಾರೆ, ಅವರ ಪ್ರಶ್ನೆ ಅನ್ಯಾಯದ್ದಲ್ಲ. ನಕ್ಷೆ ಯಥಾವತ್ತಾಗಿ ನಡೆದರೆ ಪರಿಶ್ರಮವೇನೂ ಬೇಡ. ಆದರೆ ನಕ್ಷೆಯಲ್ಲಿದ್ದ ಬಿಡಿಭಾಗ ಊರಿನಲ್ಲಿ ಸಿಗದಿರುವುದೇ ನಮ್ಮಲ್ಲಿ ನಿತ್ಯದ ಸ್ಥಿತಿ, ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ನಾನೂರು ಕಿಲೋಮೀಟರ್ ದೂರದಲ್ಲಿರುವ ಹುಡುಗಿಯೊಬ್ಬಳು ಬಾಲ್ ಲಿಂಕಿಗೆ ಬದಲಾಗಿ ಏನನ್ನು ಬಳಸಬಹುದೆಂಬುದು, ಅದರ ಕೆಲಸವೇನೆಂದು ಅವಳಿಗೆ ತಿಳಿದಿದ್ದರೆ ಮಾತ್ರ ಹೊಳೆಯುತ್ತದೆ: ಕೊಡೆಯ ತಂತಿ ಮತ್ತು ಮಣಿ, ಸೈಕಲ್ ಬ್ರೇಕಿನ ಕೇಬಲ್ಲಿನ ತುಂಡು, ಕಡೆಗೆ ಕುಣಿಕೆ ಹಾಕಿದ ಮೀನುಗಾಳದ ದಾರ. ಆದುದರಿಂದ ತಾಂತ್ರಿಕ ಶಾಲೆಗಳ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ: ಒಂದು ಹಲಗೆಯ ಮೇಲೆ ಹತ್ತು ನಿಜವಾದ ಕೀಲುಗಳನ್ನು, ಹಳೆಯ ಕೊಡೆಯದೋ, ಕಾರಿನ ಕನ್ನಡಿಯದೋ, ಲಾರಿಯದೋ, ಸ್ಕ್ರೂ ಹೊಡೆದು ನಿಲ್ಲಿಸಿ, ಹೆಸರಿನ ಚೀಟಿಯನ್ನು ಹಿಂಬದಿಯಲ್ಲಿ ಅಂಟಿಸಿ, ವಿದ್ಯಾರ್ಥಿ ಮೊದಲು ಕೈಯಿಂದ ಅಲುಗಿಸಿ, ಇದು ಏನನ್ನು ಬಿಡುತ್ತದೆ, ಏನನ್ನು ಬಿಡುವುದಿಲ್ಲ ಎಂದು ಹೇಳಿದ ಮೇಲೆ ಹಲಗೆಯನ್ನು ತಿರುಗಿಸಿ.

ನಮ್ಮ ಹುಡುಗ ಮೂರನೆಯ ದಿನ ಬಾಲ್ ಲಿಂಕು ತಂದು ಹಾಕಿದನು. ಕಣ್ಣುಗಳು ಈಗ ಮೇಲೆ ನೋಡುತ್ತವೆ. ಎಡಗಣ್ಣಿನ ಕೆಳರೆಪ್ಪೆ ಮಾತ್ರ ಇನ್ನೂ ಗುಡ್ಡೆಯನ್ನು ಕೆರೆಯುತ್ತದೆ. ಅಚ್ಚು ಎಷ್ಟು ತಪ್ಪಿದೆಯೆಂದು ಅವನೇ ಅಳೆಯುತ್ತಿದ್ದಾನೆ.